ಆ ರೇಡಿಯೊ ಯಾರದು ಎಂದು ಯಾರೂ ಕೇಳಲಿಲ್ಲ: ನಮ್ಮ ಮೂವರು ಸಂಸದರಿಗೆ ಬಹಿರಂಗ ಪತ್ರ

ಕಲಬುರಗಿ, ರಾಯಚೂರು ಮತ್ತು ಬೀದರ ಲೋಕಸಭಾ ಕ್ಷೇತ್ರಗಳ ಮಾನ್ಯ ಸದಸ್ಯರಿಗೆ,

ವಿಷಯ: ಯುದ್ಧಕಾಲದಲ್ಲಿ ವಿಚಾರಣೆಯಿಲ್ಲದೆ ಬಂಧಿತರಾದವರು ನ್ಯಾಯಾಲಯದ ಮೆಟ್ಟಿಲೇರುವ ಹಕ್ಕು ಮತ್ತು ಸಂವಿಧಾನದ 44ನೇ ತಿದ್ದುಪಡಿ ಕಾಯ್ದೆಯ 3ನೇ ಸೆಕ್ಷನ್ ಜಾರಿ.

ಮಾನ್ಯರೇ,

ಸವಿನಯ ನಮಸ್ಕಾರಗಳು.

ನಾನು ಯಾದಗಿರಿಯವನು. 36 ವರ್ಷ ವಕೀಲಿ ಮಾಡಿ ಮೂರು ವರ್ಷದ ಹಿಂದೆ ಕರಿಕೋಟು ಕಳಚಿಟ್ಟಿದ್ದೇನೆ. ನಮ್ಮ ಜಿಲ್ಲೆಗೆ ಸ್ವಂತ ಲೋಕಸಭಾ ಕ್ಷೇತ್ರವಿಲ್ಲ. ಗುರುಮಠಕಲ್ ಕಲಬುರಗಿಗೆ ಹೋದರೆ, ಯಾದಗಿರಿ, ಶಹಾಪುರ, ಸುರಪುರ ರಾಯಚೂರಿಗೆ ಹೋಗುತ್ತವೆ. ಅದಕ್ಕೇ ಇಬ್ಬರಿಗೂ ಬರೆಯುತ್ತಿದ್ದೇನೆ. ಬೀದರಿನವರನ್ನೂ ಸೇರಿಸಿದ್ದೇಕೆಂದರೆ, ಈ ವಿಷಯದಲ್ಲಿ ಹಳೆ ಹೈದರಾಬಾದ್ ಸಂಸ್ಥಾನದಿಂದ ಬಂದ ನಮ್ಮೆಲ್ಲರ ಮನೆಗಳ ನೆನಪು ಒಂದೇ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಯುದ್ಧದ ಹೊತ್ತಿನಲ್ಲಿ ಸರ್ಕಾರ ಒಬ್ಬನನ್ನು ವಿಚಾರಣೆಯಿಲ್ಲದೆ ಒಳಗಿಟ್ಟರೆ, "ಇವನನ್ನು ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಕೇಳಬಲ್ಲ ನ್ಯಾಯಾಧೀಶರ ಮುಂದೆ ಅವನ ಮಾತು ತಲುಪಲೇಬೇಕು. ಅದಕ್ಕೆ ಬೇಕಾದ ಒಂದು ಮುಖ್ಯ ತಿದ್ದುಪಡಿಯನ್ನು ನೀವು ಕೂರುವ ಅದೇ ಸಂಸತ್ತು 1978ರಲ್ಲಿ ಪಾಸು ಮಾಡಿದೆ. ಅದು ಇವತ್ತಿಗೂ ಜಾರಿಯಾಗಿಲ್ಲ. ಅದನ್ನು ಜಾರಿ ಮಾಡಿಸಿ. ಯಾಕೆ ಎನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು.

1971ರ ಡಿಸೆಂಬರ್. ನಾನು ಎಂಟನೇ ಇಯತ್ತೆ. ನಮ್ಮ ಓಣಿಯ ಮೂಲೆಯಲ್ಲಿ ಕಟ್ಟಿಗೆಯ ಡಬ್ಬಿ ಅಂಗಡಿಯೊಂದಿತ್ತು. ಅಲ್ಲಿ ಒಬ್ಬರು ರೇಡಿಯೊ ರಿಪೇರಿ ಮಾಡುತ್ತಿದ್ದರು. ಓಣಿಗೆಲ್ಲ ಅವರು ಚಾಚಾ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಬೆನ್ನು ತೆರೆದ ಸೆಟ್ಟುಗಳು, ಒಳಗೆ ಕೆಂಪಗೆ ಹೊಳೆಯುವ ವಾಲ್ವುಗಳು, ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ. ರಿಪೇರಿಗೆ ಬಂದ ಪ್ರತಿ ಸೆಟ್ಟಿನ ಕಿವಿಗೆ ಚಾಚಾ ದಾರದಲ್ಲಿ ಒಂದು ಚೀಟಿ ಕಟ್ಟುತ್ತಿದ್ದರು. ಅದರ ಮೇಲೆ ಉರ್ದುವಿನಲ್ಲಿ ಮಾಲೀಕರ ಹೆಸರು. ನಮ್ಮ ಕಡೆ ಆಗಿನ ಹಿರಿಯರೆಲ್ಲ, ಜಾತಿ ಯಾವುದೇ ಇರಲಿ, ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲೇ ಕಲಿತವರು. ಆ ಚೀಟಿ ಓದಬಲ್ಲವರು ಊರ ತುಂಬ ಇದ್ದರು.

ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು. ಸಂಜೆಯಾದರೆ ಆಕಾಶವಾಣಿಯ ವಾರ್ತೆ ಕೇಳಲು ಅರ್ಧ ಓಣಿ ಚಾಚಾನ ಅಂಗಡಿ ಮುಂದೆ ನಿಲ್ಲುತ್ತಿತ್ತು. ನಾಲ್ಕೈದು ದಿನ ಕಳೆದ ಮೇಲೆ ಒಂದು ರಾತ್ರಿ ಜೀಪು ಬಂತು. ಚಾಚಾನನ್ನು ಕರೆದುಕೊಂಡು ಹೋದರು. ಅಂಗಡಿಯಲ್ಲಿದ್ದ ಒಂಬತ್ತು ಸೆಟ್ಟುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಚೀಟಿಯನ್ನು ನಾನು ಎತ್ತಿಕೊಂಡು ಬಂದು ಅಪ್ಪನಿಗೆ ಕೊಟ್ಟೆ. ಅದರ ಮೇಲೆ "ಮಾಸ್ತರ್ ಸಾಬ್" ಎಂದಿತ್ತು. ಆ ಮಾಸ್ತರ್ ನನ್ನ ಅಪ್ಪ. ನಮ್ಮ ಮನೆಯ ಮರ್ಫಿ ರೇಡಿಯೊ ಹದಿನೈದು ದಿನದಿಂದ ಆ ಅಂಗಡಿಯಲ್ಲಿತ್ತು.

ಕೆಲವು ವಾರಗಳ ನಂತರ ಚಾಚಿ ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ದೂರದ ಜೈಲಿಗೆ ಹೋಗಿ ಬಂದ ಅವಳ ತಮ್ಮ ತಂದಿದ್ದ ಪ್ರತಿ ಅದು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಚಾಚಾನಿಗೆ ಉರ್ದು ಬರುತ್ತಿತ್ತು, ಕನ್ನಡ ಬರುತ್ತಿತ್ತು, ತೆಲುಗು ಮಾತಾಡುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ.

"ತಮ್ಮಾ, ನೀ ಸಾಲಿಗಿ ಹೋಗ್ತಿಯಲ್ಲ, ಇದ್ರಾಗ ಏನ್ ಬರದಾರ ಓದಿ ಹೇಳೋ" ಅಂದಳು.

ನಾನು ಓದಿದೆ. ಎರಡನೇ ಸಾಲಿನಲ್ಲಿ "ಪ್ರೆಜುಡಿಷಿಯಲ್" ಎಂಬ ಶಬ್ದ ಬಂತು. ನಾಲಿಗೆ ಹೊರಳಲಿಲ್ಲ. ಮುಂದೆ "ವೈರ್‌ಲೆಸ್ ಸೆಟ್ಸ್, ನೈನ್" ಎಂದಿತ್ತು. ಅದು ತಿಳಿಯಿತು. "ಚಾಚಾನ ಕಡೆ ಒಂಬತ್ತು ವೈರ್‌ಲೆಸ್ ಇದ್ದವಂತ, ಅದರಾಗ ಶತ್ರುಗಳ ಜೊತಿ ಮಾತಾಡ್ತಿದ್ದನಂತ" ಎಂದು ಹೇಳಿದೆ. ಚಾಚಿ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತಳು. ಅಪ್ಪ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಂಬತ್ತರಲ್ಲಿ ಒಂದು ನಮ್ಮದು ಎಂದು ಅವರಿಗೆ ಗೊತ್ತಿತ್ತು. ಅವರು ಏನೂ ಹೇಳಲಿಲ್ಲ.

ಆ ಶಬ್ದದ ಅರ್ಥವನ್ನು ಮರುದಿನ ಶಾಲೆಯ ನಿಘಂಟಿನಲ್ಲಿ ನೋಡಿದೆ. ಹಾನಿಕರ, ಬಾಧಕ ಎಂದಿತ್ತು.

ಚಾಚಾ 17 ತಿಂಗಳು ಒಳಗಿದ್ದರು. ಬಂಧನವಾಗಿ ಹದಿನೈದು ದಿನವೂ ಆಗುವ ಮೊದಲೇ, ಡಿಸೆಂಬರ್ 16ಕ್ಕೆ, ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗಿ ಯುದ್ಧ ಮುಗಿದಿತ್ತು. ಚಾಚಿ ಅವರನ್ನು ನೋಡಿದ್ದು ಎರಡೇ ಸಲ. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಹೈಕೋರ್ಟ್ ಇದ್ದದ್ದು ಬೆಂಗಳೂರಿನಲ್ಲಿ ಮಾತ್ರ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಹೋಗಬೇಕು. ಊರಿನ ಒಬ್ಬ ವಕೀಲರು "ಯುದ್ಧದ ಕೇಸು, ಕೈ ಹಚ್ಚಬ್ಯಾಡ್ರಿ, ನಿಮ್ಮನ್ನೂ ಎಳಕೊಂತಾರ" ಅಂದರು. ಅರ್ಜಿ ಹೋಗಲೇ ಇಲ್ಲ. 1973ರ ಬೇಸಿಗೆಯಲ್ಲಿ ಒಂದು ದಿನ ಚಾಚಾ ಬಸ್ಸಿನಿಂದ ಇಳಿದು ನಡೆದುಕೊಂಡು ಬಂದರು. ಹಿಡಿದಾಗ ಕಾರಣವನ್ನು ಅವರಿಗೆ ತಿಳಿಯದ ಭಾಷೆಯಲ್ಲಿ ಹೇಳಿದ್ದರು. ಬಿಡುವಾಗ ಯಾವ ಭಾಷೆಯಲ್ಲೂ ಹೇಳಲಿಲ್ಲ.

ಕಲಬುರಗಿಯಲ್ಲಿ ಎಲ್‌ಎಲ್‌ಬಿ ಓದುವಾಗ ಆ ಕಾಗದದ ಬಗ್ಗೆ ನನಗೆ ಒಂದೊಂದೇ ಸಂಗತಿ ತಿಳಿಯುತ್ತ ಬಂತು. ಒಂದೊಂದು ತಿಳಿದಾಗಲೂ ಹೊಟ್ಟೆಯಲ್ಲಿ ಸಂಕಟವಾಯಿತು. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ಇಂಗ್ಲಿಷ್ ಬಾರದವನ ಕೈಗೆ ಇಂಗ್ಲಿಷ್ ಕಾಗದ ಕೊಟ್ಟರೆ ಕೊಟ್ಟಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹರಿಕಿಸನ್ ಪ್ರಕರಣದಲ್ಲಿ 1962ರಲ್ಲೇ ಹೇಳಿತ್ತು. ಅಂದರೆ ಚಾಚಾನ ಬಂಧನ ಆ ಒಂದು ಕಾರಣಕ್ಕೇ ಬಿದ್ದುಹೋಗಬಹುದಿತ್ತು. ಅವರ ಮೇಲೆ ಹಾಕಿದ್ದು 1971ರ ಮೀಸಾ, ಅಂದರೆ ವಿಚಾರಣೆಯಿಲ್ಲದೆ ಬಂಧಿಸಿಡಲು ಬಿಡುವ ಆಂತರಿಕ ಭದ್ರತಾ ಕಾಯ್ದೆ. ಯುದ್ಧ ಬಂದಾಗ ಆ ಕಾಯ್ದೆಗೆ 17ಎ ಎಂಬ ಸೆಕ್ಷನ್ ಸೇರಿಸಿ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಮುಂದೆ ಒಯ್ಯದೆಯೇ ಮೂರು ತಿಂಗಳಿಗೂ ಮೀರಿ ಇಟ್ಟುಕೊಳ್ಳಲು ದಾರಿ ಮಾಡಿಕೊಂಡಿದ್ದರು. ಪಶ್ಚಿಮ ಬಂಗಾಳದ ಬಂಧಿತನೊಬ್ಬ, ಶಂಭುನಾಥ ಸರ್ಕಾರ್, ಅದನ್ನು ಪ್ರಶ್ನಿಸಿದ. 1973ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಸೆಕ್ಷನ್ ಸಂವಿಧಾನಬಾಹಿರ ಎಂದು ತೆಗೆದುಹಾಕಿತು. ಚಾಚಾ ಬಸ್ಸಿನಿಂದ ಇಳಿದು ಬಂದ ವರ್ಷ ಅದೇ.

ಮಾನ್ಯರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಯುದ್ಧ ನಡೆಯುವಾಗ ನ್ಯಾಯಾಲಯ ಕೈಹಾಕಿದರೆ ದೇಶ ಕೆಡುತ್ತದೆ ಎಂದು ಹೇಳುವವರಿದ್ದಾರೆ. 1965ರ ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರ್ ಕಡೆ ಗಡಿ ದಾಟಿತು. ಮರುದಿನ, ಸೆಪ್ಟೆಂಬರ್ 7ರಂದು, ಸುಪ್ರೀಂ ಕೋರ್ಟ್ ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾಗಿದ್ದ ರಾಮಮನೋಹರ ಲೋಹಿಯಾ ಅವರನ್ನು ಬಿಡುಗಡೆ ಮಾಡಿತು. ತುರ್ತುಸ್ಥಿತಿ ಜಾರಿಯಲ್ಲಿತ್ತು, ಗಡಿಯಲ್ಲಿ ತೋಪು ಹಾರುತ್ತಿದ್ದವು. ಆದರೂ ನ್ಯಾಯಮೂರ್ತಿಗಳು ಬಂಧನದ ಆದೇಶವನ್ನು ಕೈಗೆತ್ತಿಕೊಂಡು, ಇದರಲ್ಲಿ ಬರೆದ ಕಾರಣ ನಿಯಮದಲ್ಲಿರುವ ಕಾರಣವಲ್ಲ ಎಂದು ತೋರಿಸಿದರು. ದೇಶಕ್ಕೆ ಏನೂ ಆಗಲಿಲ್ಲ. ಆ ತೀರ್ಪನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ನನ್ನ ದೇಶದ ಬಗ್ಗೆ ಹೆಮ್ಮೆಯಾಗುತ್ತದೆ.

"ಯುದ್ಧಕಾಲ" ಎಂಬ ಮಾತನ್ನೂ ಸ್ವಲ್ಪ ಅಳತೆ ಮಾಡಿ ನೋಡಬೇಕು. 1962ರಲ್ಲಿ ಚೀನಾ ಜೊತೆ ಯುದ್ಧ ನಡೆದದ್ದು ಒಂದು ತಿಂಗಳು. ಅಕ್ಟೋಬರ್ 26ಕ್ಕೆ ಘೋಷಿಸಿದ ತುರ್ತುಸ್ಥಿತಿ ಮುಗಿದದ್ದು 1968ರ ಜನವರಿಯಲ್ಲಿ. ಆ ಯುದ್ಧದಲ್ಲಿ ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗಿನಲ್ಲಿ ತಲೆಮಾರುಗಳಿಂದ ಬದುಕಿದ್ದ ಚೀನಿ ಮೂಲದವರನ್ನು, ಸುಮಾರು 3,000 ಜನರನ್ನು, ಮಕ್ಕಳು ಮುದುಕರು ಸಮೇತ ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ತಂದರು. ಕೆಲವರು ಅಲ್ಲಿ ನಾಲ್ಕೈದು ವರ್ಷ ಕಳೆದರು. 1971ರ ಯುದ್ಧ ನಡೆದದ್ದು 14 ದಿನ. ಆಗಿನ ತುರ್ತುಸ್ಥಿತಿ ತೆಗೆದದ್ದು 1977ರ ಮಾರ್ಚಿನಲ್ಲಿ. ಯುದ್ಧ ಬೇಗ ಮುಗಿಯುತ್ತದೆ, ಯುದ್ಧದ ಹೆಸರಿನ ಕಾನೂನು ಮುಗಿಯುವುದಿಲ್ಲ. ಇದನ್ನು ನಾನು ವಾದಕ್ಕಾಗಿ ಹೇಳುತ್ತಿಲ್ಲ, ತಾರೀಕುಗಳೇ ಹೇಳುತ್ತವೆ.

ಇನ್ನೊಂದು ಮಾತು. 1971ರಲ್ಲಿ ನಮ್ಮ ಕೈಗೆ ಸುಮಾರು 93,000 ಪಾಕಿಸ್ತಾನಿ ಸೈನಿಕರು ಮತ್ತು ನಾಗರಿಕರು ಸಿಕ್ಕರು. ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗಳಿಗೆ ಮನೆಗೆ ಕಾಗದ ಬರೆಯುವ ಹಕ್ಕಿತ್ತು, ಅವರನ್ನು ನೋಡಲು ರೆಡ್ ಕ್ರಾಸಿನವರು ಬರುತ್ತಿದ್ದರು. 1974ರ ಹೊತ್ತಿಗೆ ಅವರು ತಮ್ಮ ದೇಶಕ್ಕೆ ಮರಳಿದರು. ಭಾರತ ಹಾಗೆ ನಡೆದುಕೊಂಡದ್ದು ಸರಿಯಾಗಿತ್ತು. ಆದರೆ ಯಾದಗಿರಿಯಲ್ಲಿ ಹುಟ್ಟಿ, ಯಾದಗಿರಿಯಲ್ಲೇ ತೆರಿಗೆ ಕಟ್ಟಿ, ಆಕಾಶವಾಣಿ ವಾರ್ತೆಗೆ ಇಡೀ ಓಣಿಯನ್ನು ಸೇರಿಸುತ್ತಿದ್ದ ನಮ್ಮ ಚಾಚಾನನ್ನು ನೋಡಲು ಯಾರೂ ಬರಲಿಲ್ಲ. ಸಮವಸ್ತ್ರ ತೊಟ್ಟ ಶತ್ರುವಿಗಾದರೂ ಒಂದು ನಿಯಮಪಟ್ಟಿ ಇತ್ತು. ಅನುಮಾನಕ್ಕೆ ಸಿಕ್ಕ ಸ್ವಂತ ಪ್ರಜೆಗಿದ್ದ ದಾರಿ ನ್ಯಾಯಾಲಯ ಒಂದೇ, ಅದು ಅವರ ಕೈಗೆಟುಕಲಿಲ್ಲ.

ಮುಂದೆ ಏನಾಯಿತು ಎಂಬುದು ನಿಮಗೂ ಗೊತ್ತು. 1971ರದ್ದು ಇನ್ನೂ ಇರುವಾಗಲೇ 1975ರಲ್ಲಿ ಘೋಷಿಸಿದ ಇನ್ನೊಂದು ತುರ್ತುಸ್ಥಿತಿಯಲ್ಲಿ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿ ಮತ್ತು ಬಂಧಿತರ ಹಕ್ಕು ಹೇಳುವ 22ನೇ ವಿಧಿಯ ರಕ್ಷಣೆ ಕೋರುವ ಹಕ್ಕನ್ನು ಅಮಾನತು ಮಾಡಿದಾಗಲೂ, ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಲು ಕೋರುವ ಅರ್ಜಿಗಳನ್ನು, ಕೇಳುತ್ತೇವೆ ಎಂದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ತೀರ್ಪಿನಲ್ಲಿ ಆ ಬಾಗಿಲನ್ನು ಮುಚ್ಚಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ವೈಯಕ್ತಿಕ ದ್ವೇಷದಿಂದ ಪೊಲೀಸನೊಬ್ಬ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ವಿಚಾರಣೆಯಲ್ಲಿ ಅವರು ಕೇಳಿದ್ದಕ್ಕೆ, ತುರ್ತುಸ್ಥಿತಿ ಇರುವವರೆಗೆ ಇಲ್ಲ ಎಂದು ಅಟಾರ್ನಿ ಜನರಲ್ ಉತ್ತರಿಸಿದರು. ಭಿನ್ನಮತ ಬರೆದ ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಅವರು ರಾಜೀನಾಮೆ ಕೊಟ್ಟರು. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿ ಅಳಿಸಿಹಾಕಲು 2017 ಬರಬೇಕಾಯಿತು. ಅದಕ್ಕೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು.

1975ರ ತುರ್ತುಸ್ಥಿತಿಯ ಆ 21 ತಿಂಗಳೂ ಚಾಚಾನ ಮನೆಬಾಗಿಲ ಪಕ್ಕ ಒಂದು ಕೈಚೀಲ ತೂಗುತ್ತಿತ್ತು. ಒಂದು ಲುಂಗಿ, ಒಂದು ಬನಿಯನ್, ಸೋಪು, ಬೀಡಿ ಕಟ್ಟು. ಮತ್ತೆ ಕರೆಯಲು ಬಂದರೆ ಎತ್ತಿಕೊಂಡು ಹೊರಡಲು. ಅಂಗಡಿಯನ್ನು ಅವರು ಮತ್ತೆ ತೆರೆಯಲಿಲ್ಲ.

1978ರ 44ನೇ ತಿದ್ದುಪಡಿ ಬಂದದ್ದು ಈ ಎಲ್ಲ ನೋವಿನಿಂದಲೇ. ಅದರಲ್ಲಿ ಎರಡು ಸಂಗತಿಗಳಿದ್ದವು. ತುರ್ತುಸ್ಥಿತಿಯಲ್ಲೂ ಆರೋಪಿಗೆ ರಕ್ಷಣೆ ಕೊಡುವ 20ನೇ ವಿಧಿಯನ್ನೂ 21ನೇ ವಿಧಿಯನ್ನೂ ಅಮಾನತು ಮಾಡುವಂತಿಲ್ಲ ಎಂಬುದು ಒಂದು. ಅದು 1979ರ ಜೂನ್ 20ರಿಂದ ಜಾರಿಯಲ್ಲಿದೆ. ಇನ್ನೊಂದು, 3ನೇ ಸೆಕ್ಷನ್. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಇಟ್ಟುಕೊಳ್ಳಬಹುದಾದ ಅವಧಿಯನ್ನು ಅದು ಮೂರು ತಿಂಗಳಿಂದ ಎರಡು ತಿಂಗಳಿಗೆ ಇಳಿಸುತ್ತದೆ. ಮಂಡಳಿಯನ್ನು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕು, ಸೇವೆಯಲ್ಲಿರುವ ಹೈಕೋರ್ಟ್ ನ್ಯಾಯಮೂರ್ತಿಯೇ ಅಧ್ಯಕ್ಷರಾಗಬೇಕು ಎನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, 22ನೇ ವಿಧಿಯ 7ನೇ ಖಂಡದ (ಎ) ಉಪಖಂಡವನ್ನು ಕಿತ್ತುಹಾಕುತ್ತದೆ. ಮಂಡಳಿಯನ್ನೇ ಬದಿಗಿಟ್ಟು ಹೆಚ್ಚು ಕಾಲ ಬಂಧಿಸಿಡುವ ಕಾನೂನು ಮಾಡಲು ಸಂಸತ್ತಿಗೆ ಅಧಿಕಾರ ಕೊಡುವುದು ಆ ಉಪಖಂಡವೇ. ಚಾಚಾನನ್ನು ಒಳಗಿಟ್ಟ 17ಎ ಹುಟ್ಟಿದ್ದು ಅದರ ಹೊಟ್ಟೆಯಿಂದಲೇ.

ಆ 3ನೇ ಸೆಕ್ಷನ್ನಿಗೆ ಮಾತ್ರ ಜಾರಿಯ ತಾರೀಕು ಗೊತ್ತುಪಡಿಸಲಿಲ್ಲ. ತಾರೀಕು ನಿಗದಿ ಮಾಡುವುದು ಕೇಂದ್ರ ಸರ್ಕಾರಕ್ಕೆ ಬಿಟ್ಟದ್ದು. 1981ರಲ್ಲಿ ಎ.ಕೆ. ರಾಯ್ ಪ್ರಕರಣದಲ್ಲಿ ಸರ್ಕಾರಕ್ಕೆ ಹಾಗೆ ಆದೇಶ ಕೊಡಲು ತಮಗಾಗದು ಎಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅಲ್ಲಿಂದ ಎಲ್ಲ ಪಕ್ಷಗಳ ಸರ್ಕಾರಗಳೂ ಬಂದು ಹೋದವು. ತಿದ್ದುಪಡಿ ಪಾಸಾಗಿ 45 ವರ್ಷ ದಾಟಿದರೂ ಒಂದು ಅಧಿಸೂಚನೆಗೆ ಸಹಿ ಬೀಳಲಿಲ್ಲ. ತಾನೇ ಪಾಸು ಮಾಡಿದ ಸಂವಿಧಾನ ತಿದ್ದುಪಡಿ ಹೀಗೆ ಕೊಳೆಯುತ್ತಿರುವುದು ಸಂಸತ್ತಿಗೆ ಅವಮಾನ ಎಂದು ನಿಮಗೆ ಅನ್ನಿಸುವುದಿಲ್ಲವೇ?

ಭದ್ರತೆಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಗೂಢಚಾರರು ಇರುತ್ತಾರೆ. ಯುದ್ಧದಲ್ಲಿ ಕೆಲವರನ್ನು ಮುಂಚಿತವಾಗಿಯೇ ಹಿಡಿಯಬೇಕಾಗುತ್ತದೆ. ಬಹಿರಂಗಪಡಿಸಿದರೆ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವ ಸಂಗತಿಗಳನ್ನು ಬಂಧಿತನಿಗೆ ಹೇಳದಿರಲು 22ನೇ ವಿಧಿಯ 6ನೇ ಖಂಡ ಈಗಲೂ ಅವಕಾಶ ಕೊಡುತ್ತದೆ, ಅದನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಕಾರಣ ಗಟ್ಟಿಯಾಗಿದ್ದರೆ ನ್ಯಾಯಾಧೀಶರು ಕೇಳಿದಾಗ ಸರ್ಕಾರ ಗೆಲ್ಲುತ್ತದೆ. ಕಾರಣವೇ ಇಲ್ಲದಿದ್ದಾಗ ಮಾತ್ರ ಸೋಲುತ್ತದೆ.

ಅಮೆರಿಕದಲ್ಲೂ ಹೀಗೇ ಆಯಿತು. ನ್ಯಾಯಾಲಯಗಳ ಕೈಗೆ ಸಿಗಬಾರದೆಂದು 2002ರ ಜನವರಿಯಿಂದ ಕ್ಯೂಬಾದಲ್ಲಿರುವ ತಮ್ಮ ಗ್ವಾಂಟನಾಮೊ ನೌಕಾನೆಲೆಯಲ್ಲಿ ಬಂಧಿತರನ್ನು ಇಟ್ಟರು. ಲಖ್ದರ್ ಬೂಮೆಡಿಯನ್ ಎಂಬುವರನ್ನು ಬೋಸ್ನಿಯಾದಲ್ಲಿ ಹಿಡಿದಿದ್ದರು. ಅಲ್ಲಿನ ನ್ಯಾಯಾಲಯ ಬಿಡಿ ಎಂದ ಮೇಲೂ ಅವರನ್ನು ಗ್ವಾಂಟನಾಮೊಗೆ ಸಾಗಿಸಿದರು. 2008ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟ್, 5-4ರ ಬಹುಮತದಲ್ಲಿ, ಅಲ್ಲಿರುವವರಿಗೂ ಹೇಬಿಯಸ್ ಕಾರ್ಪಸ್ ಹಕ್ಕಿದೆ ಎಂದಿತು. ಅದೇ ನವೆಂಬರಿನಲ್ಲಿ ಕೆಳ ನ್ಯಾಯಾಧೀಶರು ಸರ್ಕಾರದ ಕಾಗದಗಳನ್ನು ತರಿಸಿ ನೋಡಿದರು. ಹೆಸರಿಲ್ಲದ ಒಂದೇ ಮೂಲದ ಮಾಹಿತಿ ಬಿಟ್ಟರೆ ಆಧಾರವಿರಲಿಲ್ಲ. ಬೋಸ್ನಿಯಾದಲ್ಲಿ ಹಿಡಿದಿದ್ದ ಆರು ಜನರಲ್ಲಿ ಬೂಮೆಡಿಯನ್ ಸೇರಿ ಐವರನ್ನು ಬಿಡಲು ಆದೇಶವಾಯಿತು. ಏಳು ವರ್ಷ ಒಳಗಿಟ್ಟವರ ಬಗ್ಗೆ ಸತ್ಯ ತಿಳಿಯಲು ಬೇಕಾದದ್ದು ಕೆಲವೇ ದಿನಗಳ ವಿಚಾರಣೆ. ಚಾಚಾನ ವಿಷಯದಲ್ಲಿ ಅರ್ಧ ಗಂಟೆ ಸಾಕಿತ್ತು. ರೇಡಿಯೊ ಕೇಳುವ ಪೆಟ್ಟಿಗೆಯೇ ಹೊರತು ಅದರಿಂದ ಮಾತು ಕಳಿಸಲಾಗದು ಎಂದು ಯಾವ ರಿಪೇರಿಯವನಾದರೂ ಹೇಳುತ್ತಿದ್ದ. ಒಂಬತ್ತು ಸೆಟ್ಟುಗಳ ಒಂಬತ್ತು ಮಾಲೀಕರು ಬಂದು ನಿಲ್ಲುತ್ತಿದ್ದರು.

ನಿಲ್ಲುತ್ತಿದ್ದರೇ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ. ಬಿಡುಗಡೆಯಾದ ಮೇಲೆ ನಾಲ್ಕು ಸೆಟ್ಟುಗಳು ಚಾಚಾನಿಗೆ ವಾಪಸು ಸಿಕ್ಕವು. ಅದರಲ್ಲೊಂದನ್ನು ಅವರೇ ಹೊತ್ತುಕೊಂಡು ನಮ್ಮ ಮನೆಗೆ ಬಂದರು. "ಮಾಸ್ತರ್ ಸಾಬ್, ನಿಮ್ಮ ಸೆಟ್ಟು. ಒಂದ್ ವಾಲ್ವ್ ಹೋಗಿತ್ತು, ಹಾಕೀನಿ" ಅಂದರು. ಅಪ್ಪ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡರು. ಎಷ್ಟಾಯಿತು ಎಂದು ಕೇಳಲು ಅವರ ಬಾಯಿ ಏಳಲಿಲ್ಲ. 1994ರಲ್ಲಿ, ಹಾಸಿಗೆ ಹಿಡಿದಿದ್ದಾಗ, ಒಂದು ರಾತ್ರಿ ತಾವಾಗಿಯೇ ಅಂದರು: "ಅದು ನಂದು ಅಂತ ನಾ ಹೇಳಬೇಕಿತ್ತೋ. ಖರೆ, ಯಾರ ಮುಂದ ಹೋಗಿ ಹೇಳಬೇಕಿತ್ತು? ಕೇಳೋರು ಯಾರಿದ್ರು?"

ಅಪ್ಪನ ಅಂಜಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ಪೊಲೀಸರ ಮುಂದೆ ಹೇಳಲಾರದ ಮಾತನ್ನು ಹೇಳಲು ಒಂದು ಜಾಗ ಬೇಕು. ಹೇಬಿಯಸ್ ಕಾರ್ಪಸ್ ಎಂದರೆ ಆ ಜಾಗ.

ಈಗ ನನ್ನ ಬೇಡಿಕೆಗಳು. 44ನೇ ತಿದ್ದುಪಡಿಯ 3ನೇ ಸೆಕ್ಷನ್ನಿಗೆ ಜಾರಿ ತಾರೀಕು ಯಾವಾಗ ಎಂದು ನೀವು ಮೂವರೂ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳಬೇಕು. ಬಂದ ಉತ್ತರವನ್ನು ನಮ್ಮ ಜಿಲ್ಲೆಗಳ ವಕೀಲರ ಸಂಘಗಳಿಗೆ ಕಳಿಸಬೇಕು. ತುರ್ತುಸ್ಥಿತಿಯಲ್ಲಿ ಅಮಾನತು ಮಾಡಬಾರದ ವಿಧಿಗಳ ಸಾಲಿಗೆ 20, 21ರ ಜೊತೆ 22ನೇ ವಿಧಿಯ 4ನೇ ಖಂಡ (ಸಲಹಾ ಮಂಡಳಿಯ ಪರಿಶೀಲನೆ) ಮತ್ತು 5ನೇ ಖಂಡ (ಬಂಧನದ ಕಾರಣ ತಿಳಿಸುವುದು) ಇವುಗಳನ್ನೂ ಸೇರಿಸಲು 359ನೇ ವಿಧಿಗೆ ತಿದ್ದುಪಡಿ ತರುವ ಖಾಸಗಿ ಮಸೂದೆಯನ್ನು ನಿಮ್ಮಲ್ಲೊಬ್ಬರು ಮಂಡಿಸಬೇಕು. ಕಾರಣ ತಿಳಿಯುವ ಹಕ್ಕೇ ಅಮಾನತಾದರೆ, ಯಾವ ಕಾರಣವನ್ನು ಹಿಡಿದು ಕೋರ್ಟಿಗೆ ಹೋಗುವುದು? ಹಾಗೆಯೇ, ಬಂಧನದ ಕಾಗದ ಬಂಧಿತನ ಭಾಷೆಯಲ್ಲಿರಬೇಕು, ಅದರ ಪ್ರತಿ ಮನೆಯವರ ಕೈಗೂ ತಲುಪಬೇಕು, ಹೈಕೋರ್ಟಿಗೆ ಅರ್ಜಿ ಹಾಕಬಹುದು ಎಂಬ ಮಾತನ್ನು ಅದರಲ್ಲೇ ಬರೆದಿರಬೇಕು ಎಂದು ಕಾಯ್ದೆಯಲ್ಲೇ ಸೇರಿಸಲು ಒತ್ತಾಯಿಸಬೇಕು. 2008ರಿಂದ ಕಲಬುರಗಿಯಲ್ಲೇ ಹೈಕೋರ್ಟ್ ಪೀಠವಿದೆ. ಈಗ ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕಾಗಿಲ್ಲ. ಬಾಗಿಲು ಹತ್ತಿರ ಬಂದಿದೆ ಎಂದು ಒಳಗಿರುವವನಿಗೆ ಯಾರಾದರೂ ಹೇಳಬೇಕಲ್ಲ.

ನಿಜಾಮರ ಜೈಲಿನಲ್ಲಿದ್ದ ಸ್ವಾಮಿ ರಮಾನಂದ ತೀರ್ಥರನ್ನು ನಮ್ಮ ಹಿರಿಯರು 1952ರಲ್ಲಿ ಇದೇ ಕಲಬುರಗಿಯಿಂದ ಮೊದಲ ಲೋಕಸಭೆಗೆ ಕಳಿಸಿದರು. ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುವಾಗ ನಾವು ನೆನೆಯುವವರಲ್ಲಿ ಎಷ್ಟೋ ಜನ ವಿಚಾರಣೆಯಿಲ್ಲದೆ ಸೆರೆ ಕಂಡವರು. ಅವರ ಜಾಗದಲ್ಲಿ ಕೂತಿರುವ ನಿಮ್ಮನ್ನು ಬಿಟ್ಟು ಬೇರೆ ಯಾರ ಹತ್ತಿರ ಹೋಗಲಿ?

ಚಾಚಿ ತೀರಿಕೊಳ್ಳುವ ಮೊದಲು ಆ ಇಂಗ್ಲಿಷ್ ಕಾಗದವನ್ನು ನನಗೆ ಕೊಟ್ಟಳು. ಮಡಿಕೆಗಳಲ್ಲಿ ಹರಿದಿದೆ, ಅಕ್ಷರ ಇನ್ನೂ ಕಾಣುತ್ತವೆ. ಮರ್ಫಿ ಸೆಟ್ಟು ನನ್ನ ಮೇಜಿನ ಮೇಲಿದೆ. ಅಪ್ಪ ಪುಸ್ತಕದ ನಡುವೆ ಇಟ್ಟಿದ್ದ ಚೀಟಿಯನ್ನು ಮತ್ತೆ ಅದರ ಕಿವಿಗೆ ಕಟ್ಟಿದ್ದೇನೆ. ನೀವು ಒಂದು ದಿನ ಹೇಳಿದರೆ ಎರಡನ್ನೂ ನಿಮ್ಮ ಕಚೇರಿಗೆ ತರುತ್ತೇನೆ. ಕಾಗದವನ್ನು ನಾನೇ ಕನ್ನಡದಲ್ಲಿ ಓದಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಯಾದಗಿರಿಯ ಒಬ್ಬ ನಿವೃತ್ತ ವಕೀಲ